ಹೊದಿಸಿದ ಸಾಲು, ಹೊದಿಸದ ಸಾಲು

ಬೇಸಿಗೆ ಬಂತೆಂದರೆ ಆ ಮನೆಯ ಬಾವಿ ಅರ್ಧ ಹೊಲಕ್ಕಷ್ಟೇ ನೀರು ಕೊಡುತ್ತಿತ್ತು. ಉಳಿದರ್ಧದ ಬದನೆ ಗಿಡಗಳು ಮಧ್ಯಾಹ್ನಕ್ಕೇ ತಲೆ ಬಗ್ಗಿಸುತ್ತಿದ್ದವು. ಬುಡಕ್ಕೆ ಒಣಹುಲ್ಲು ಹೊದಿಸಿದರೆ ತೇವ ಉಳಿಯುತ್ತದಂತೆ ಎಂದು ಸೊಸೆ ಎಲ್ಲಿಂದಲೋ ಕೇಳಿಕೊಂಡು ಬಂದಳು.

ಕೊಟ್ಟಿಗೆಯ ಬಾಗಿಲಲ್ಲಿ ಹಗ್ಗ ಹೊಸೆಯುತ್ತಿದ್ದ ಮಾವ ತಲೆ ಎತ್ತಲಿಲ್ಲ. “ಈ ಬಿಸಿಲಲ್ಲಿ ಗಿಡಕ್ಕೆ ಕಂಬಳಿ ಹೊದಿಸ್ತೀಯೇನಮ್ಮಾ?”

ದಾರಿ ತೋರಿಸಿದವಳು ಪಕ್ಕದ ಹೊಲದ ಅಕ್ಕ. ಇಡೀ ಹೊಲ ಬೇಡ, ನಾಲ್ಕೇ ಸಾಲು ಸಾಕು; ಒಂದು ಬಿಟ್ಟು ಒಂದಕ್ಕೆ ಹೊದಿಸಿ; ನೀರು, ಗೊಬ್ಬರ ಮಾತ್ರ ನಾಲ್ಕಕ್ಕೂ ಒಂದೇ ಅಳತೆ ಎಂದಳು. ಹೊದಿಸಿದ ಸಾಲು ಗೆದ್ದರೆ ಮುಂದಿನ ಬೇಸಿಗೆಗೆ ಇಡೀ ಹೊಲ ಸೊಸೆಯ ಮಾತಿನಂತೆ ಎಂದು ಮಾವ ಒಪ್ಪಿದರು.

ಕೊಯ್ದ ದಿನ ಅಕ್ಕನ ಎದುರೇ ತೂಗಿದರು. ಹೊದಿಸಿದ ಸಾಲಿನಲ್ಲಿ ಒಂದೂವರೆ ಪಟ್ಟು ಕಾಯಿ. ಮಾವ ತಕ್ಕಡಿಯನ್ನೇ ನೋಡುತ್ತ ನಿಂತರು. “ಸೋತೆ ಕಣಮ್ಮ. ಮುಂದಿನ ಸಲ ಹೊಲಕ್ಕೆಲ್ಲ ಹೊದಿಸೋಣ.”

ದಿನಾ ಸಂಜೆ, ಯಾರೂ ಇಲ್ಲದಾಗ, ಹೊದಿಸಿದ ಸಾಲುಗಳಿಗೆ ಸೊಸೆ ಎರಡೆರಡು ಕೊಡ ಹೆಚ್ಚಿಗೆ ಸುರಿದಿದ್ದಳು. ಮೋಸ ಮಾಡಬೇಕೆಂದಲ್ಲ, ತನ್ನ ಸಾಲು ಬಾಡುವುದನ್ನು ನೋಡಲಾರದೆ. ಈಗ ಇದನ್ನೇ ನಂಬಿ ಇಡೀ ಹೊಲಕ್ಕೆ ಹೊದಿಸಿದರೆ ಅಷ್ಟು ನೀರು ಯಾವ ಬಾವಿಯಿಂದ ತರುವುದು? ಬೆಳೆಯೆಲ್ಲ ಒಣಗೀತು.

“ಮಾವ, ನಾನು ಆ ಸಾಲಿಗೆ ಕದ್ದು ನೀರು ಹಾಕ್ತಿದ್ದೆ.”

ಮಾವ ಬುಟ್ಟಿಯಿಂದ ಒಂದು ಕಾಯಿ ತೆಗೆದರು, ಮತ್ತೆ ಅಲ್ಲೇ ಇಟ್ಟರು. “ನಾನು ಹೊದಿಸದ ಸಾಲಿಗೆ ಕದ್ದು ಗೊಬ್ಬರ ಹಾಕ್ತಿದ್ದೆ. ಹಾಕಿಯೂ ಸೋತೆನಲ್ಲ ಅಂತ ನಾಚಿಕೆ ಆಗಿತ್ತು.”

“ಮೊದಲು ನಿಮ್ಮಿಬ್ಬರನ್ನೂ ಬೇಲಿಯಾಚೆ ಕಟ್ಟಬೇಕು” ಎಂದು ಅಕ್ಕ ನಕ್ಕಳು. ನಗುತ್ತಲೇ ಸೊಸೆಯ ಬೆನ್ನು ಸವರಿದಳು. ಗೆದ್ದ ಮೇಲೆ ನಿಜ ಹೇಳುವುದು ಸುಲಭವಲ್ಲ ಎಂದು ಅಕ್ಕನಿಗೆ ಗೊತ್ತಿತ್ತು.

ಮುಂದಿನ ಬೇಸಿಗೆಗೆ ಮತ್ತೆ ನಾಲ್ಕೇ ಸಾಲು. ಸೊಸೆ ಕೊಡ ಎತ್ತಿದರೆ ಮಾವ ಜೊತೆಗೆ, ಮಾವ ಗೊಬ್ಬರದ ಬುಟ್ಟಿ ಎತ್ತಿದರೆ ಸೊಸೆ ಜೊತೆಗೆ. ಈ ಸಲ ಹೊದಿಸದ ಸಾಲಿನಲ್ಲಿ ಹತ್ತು ಕೆ.ಜಿ. ಬಂದರೆ ಹೊದಿಸಿದ್ದರಲ್ಲಿ ಹನ್ನೆರಡು, ಅಷ್ಟೇ. ಆದರೆ ಆ ಎರಡು ಕೆ.ಜಿ. ನಿಜದ್ದು. ತೂಗಿದ ದಿನವೇ ನಡುಮಧ್ಯಾಹ್ನ ಮಾವ ಹುಲ್ಲು ಸರಿಸಿ ಮಣ್ಣಿಗೆ ಬೆರಳಿಟ್ಟರು. ತಣ್ಣಗಿತ್ತು. ಮಣ್ಣು ಮೆತ್ತಿದ ಬೆರಳನ್ನು ಸೊಸೆಗೆ ತೋರಿಸಿದರು. ಮರುದಿನ ಉಳಿದ ಸಾಲುಗಳಿಗೆಂದು ಹುಲ್ಲಿನ ಹೊರೆ ಹೊತ್ತು ಎಲ್ಲರಿಗಿಂತ ಮುಂದೆ ನಡೆದವರು ಅವರೇ.

ರೈತ ಬಂಧುಗಳೇ, ಹೊಸದೇನಾದರೂ ಕಿವಿಗೆ ಬಿದ್ದರೆ ಕೂಡಲೇ ನಂಬಬೇಡಿ, ತಳ್ಳಿಯೂ ಹಾಕಬೇಡಿ. ನಾಲ್ಕು ಸಾಲು ಅದಕ್ಕೆಂದು ಬಿಡಿ. ನಾಲ್ಕಕ್ಕೂ ಭೇದವಿಲ್ಲದೆ ಬಡಿಸಿ. ನಿಮಗೆ ಪ್ರೀತಿಯ ಸಾಲು ಯಾವುದೋ, ಅಲ್ಲಿ ನಿಮ್ಮ ಕೈಯ ಮೇಲೆ ನಿಮ್ಮ ಕಣ್ಣಿರಲಿ. ಆಮೇಲೆ ಸುಮ್ಮನಿರಿ, ಉತ್ತರವನ್ನು ನಿಮ್ಮ ಮಣ್ಣು ಹೇಳಲಿ.