ಬೀಗರು ಕೂರುವ ಸೇತುವೆ

ವಿಜಯಶ್ರೀಗೆ ಹಳೆಯ ಸೇತುವೆಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಇದ್ದದ್ದು ಗುರುಸಿದ್ದನ ಮೇಲೆ. ಆದರೂ ಶುಕ್ರವಾರ ಮಧ್ಯಾಹ್ನ, ಸೋಮವಾರ ಸೇತುವೆ ಕೆಡವುವುದಾಗಿ ನೋಟೀಸು ಹಚ್ಚಿ ಸರಕಾರಿ ಜೀಪು ಹೋದದ್ದೇ ತಡ, 'ಪೂಲ ಬಚಾವ ಕೃತಿ ಸಮಿತಿ', ಅಂದರೆ ಸೇತುವೆ ಉಳಿಸುವ ಹೋರಾಟ ಸಮಿತಿ, ಹುಟ್ಟಿಸಿ, ಹೊತ್ತು ಮುಳುಗುವಷ್ಟರಲ್ಲಿ ಬ್ಯಾನರು ಮಾಡಿಸಿದವಳು ಅವಳೇ.

ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ಉಟಗಿ ಕಡೆಯಿಂದ ಬರುವ ರಸ್ತೆ ಹಳ್ಳ ದಾಟುವಲ್ಲಿ ಈ ಸೇತುವೆ ಇದೆ. ಸಂಸ್ಥಾನದ ಕಾಲದ್ದು, ಕರಿಕಲ್ಲಿನ ಐದು ಕಮಾನು. ಈಚೆ ದಂಡೆಯಲ್ಲಿ ಮೂಡಲವಾಡಿ, ಆಚೆ ಪಡುವಲವಾಡಿ. ಎಸ್‌ಟಿ ಬಸ್ಸು ಬಂತೆಂದರೆ ಎದುರಿನ ಗಾಡಿ ಹಿಂದಕ್ಕೆ ಸರಿಯಬೇಕು, ಅಷ್ಟೇ ಅಗಲ. ಎರಡೂ ಬದಿಗೆ ಮೊಣಕಾಲೆತ್ತರದ ಕಲ್ಲುಕಟ್ಟೆ. ಎರಡು ಊರುಗಳ ನಡುವಿನ ಹೆಣ್ಣು-ಗಂಡಿನ ಮಾತುಕತೆ ನಡೆಯುವುದು ಈ ಕಟ್ಟೆಗಳ ಮೇಲೆ. ಒಂದರ ಮೇಲೆ ಹೆಣ್ಣಿನವರು, ಎದುರಿನದರ ಮೇಲೆ ಗಂಡಿನವರು. ಯಾರೂ ಯಾರ ಮನೆಗೂ ಹೋದಂತಲ್ಲ, ಯಾರ ತಲೆಯೂ ಬಾಗಿದಂತಲ್ಲ. ಮಾತು ಮುರಿದರೆ ಧೋತರ ಕೊಡವಿಕೊಂಡು ತಂತಮ್ಮ ದಿಕ್ಕು ಹಿಡಿದರಾಯಿತು. ಕೂಡಿತೋ, ಎರಡೂ ಊರಿಗೆ ಸೇರದ ದಾರಿಹೋಕನೊಬ್ಬನನ್ನು ನಿಲ್ಲಿಸಿ ಅವನ ಕೈಯಿಂದ ಸಕ್ಕರೆ ಹಂಚಿಸುತ್ತಾರೆ. ಬಸ್ಸಿನ ಕಂಡಕ್ಟರು, ಬಳೆಗಾರರು, ಒಮ್ಮೆ ಚುನಾವಣೆ ಬಂದೋಬಸ್ತಿಗೆ ಬಂದಿದ್ದ ಪೊಲೀಸನೂ ಹಂಚಿದ್ದುಂಟು.

ವಿಜಯಶ್ರೀಯ ತಂದೆ ಮುರಗೆಪ್ಪ ಮತ್ತು ಗುರುಸಿದ್ದನ ತಂದೆ ಸಾತಪ್ಪ ಮಾತ್ರ ಆ ಕಟ್ಟೆಗೆ ಬರಲು ಒಲ್ಲರು. ಕಾರಣ ಒಂದು ಮೂಗು. ಮಾಡಗ್ಯಾಳ ತಳಿಯ ಟಗರಿಗೆ ಗಿಳಿಯ ಕೊಕ್ಕಿನಂತೆ ಮೂಗು ಬಾಗಿದಷ್ಟೂ ಬೆಲೆ. ಮುರಗೆಪ್ಪ ಮಗನಂತೆ ಸಾಕಿದ ಟಗರನ್ನು ಸಂತೆಯಲ್ಲಿ ಕಂಡ ಸಾತಪ್ಪ ನಾಲ್ಕು ಜನರ ಎದುರು, "ಇದಕ್ಕ ಮೂಗೆಲ್ಲೈತೋ ಮಾರಾಯಾ? ಕುದುರಿ ಮಾರಿ ಆಗೇತಲ್ಲ!" ಅಂದಿದ್ದ. ಅಂದಿನಿಂದ ಇಬ್ಬರೂ ಒಬ್ಬರ ಊರನ್ನು ಒಬ್ಬರು ತುಳಿದಿಲ್ಲ. ಮಕ್ಕಳ ಸುದ್ದಿ ಕಿವಿಗೆ ಬಿದ್ದ ಮೇಲೆ ಇಬ್ಬರೂ ಸ್ವಲ್ಪ ಮೆತ್ತಗಾದದ್ದು ನಿಜ. ಆದರೆ ಇವನು ಹೇಳುವುದು, "ಅಂವ ಪೂಲ ಮ್ಯಾಲ ಕರೀಲಿ, ಬರ್ತೇನಿ." ಅವನು ಹೇಳುವುದೂ ಅದನ್ನೇ. ಕರೆಯುವವರು ಯಾರು?

ಸೇತುವೆಯ ತುದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಕಾಸೀಂಸಾಬ ಬ್ಯಾನರಿಗೆ ಹಗ್ಗ ಕೊಡುತ್ತ ಕೇಳಿದ.

"ನಿನಗ ಕಲ್ಲಿನ ಮ್ಯಾಲ ಯಾವಾಗಿಂದ ಮಮತಾ ಬಂತು ತಂಗಿ?"

"ಕಾಕಾ, ಹೊಸಾ ಪೂಲಿಗೆ ಕಟ್ಟಿ ಇರೂದಿಲ್ಲಂತ, ಬರೇ ಪೈಪು. ಬೀಗರು ಅದರ ಮ್ಯಾಲ ಕಾಗಿ ಕುಂತಂಗ ಕುಂದರಬೇಕೇನು?"

ಕಾಸೀಂಸಾಬ ಅವಳ ಮುಖ ನೋಡಿದ. ಗಡ್ಡದೊಳಗೇ ನಕ್ಕ.

"ಸಕ್ಕರಿ ಕಟ್ಟಿ ಇಡ್ಲೇನು?"

"ಇಡ್ರಿ," ಎಂದು ವಿಜಯಶ್ರೀ ಓಡಿದಳು.

ಭಾನುವಾರ ಅವಳು ತಂದೆಗೆ ಒಂದೇ ಮಾತು ಹೇಳಿದಳು: "ಅಪ್ಪಾ, ನಾಳಿ ಪೂಲ ಮ್ಯಾಲ ಧರಣಿಗೆ ಪಡುವಲವಾಡಿಯವರು ಊರಿಗೂರ ಬರಾಕತ್ತಾರಂತ. ನಮ್ಮವರು ಕಮ್ಮಿ ಬಿದ್ರ ನಾಚಿಗ್ಗೇಡು." ಅದೇ ಹೊತ್ತಿಗೆ ಆಚೆ ದಂಡೆಯಲ್ಲಿ ಗುರುಸಿದ್ದ ತನ್ನ ತಂದೆಗೆ ಊರ ಹೆಸರೊಂದನ್ನು ಬದಲಿಸಿ ಅದೇ ವಾಕ್ಯ ಒಪ್ಪಿಸಿದ.

ಸೋಮವಾರ ಬೆಳಿಗ್ಗೆ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಸಮಿತಿಯ ಅಧ್ಯಕ್ಷೆ ತನ್ನ ತಂದೆಯನ್ನು ಒಂದು ಕಟ್ಟೆಯ ನಟ್ಟನಡುವೆ ಕೂರಿಸಿದಳು. ಗುರುಸಿದ್ದ ಎದುರು ಕಟ್ಟೆಯ ನಟ್ಟನಡುವೆ ತನ್ನ ತಂದೆಯನ್ನು ಕೂರಿಸಿದ. ಇಬ್ಬರೂ ತಲೆ ಎತ್ತಿ ನೋಡುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಎದ್ದರೆ ಓಡಿಹೋದಂತಾಗುತ್ತದೆ. ಮುರಗೆಪ್ಪ ತನ್ನ ಬೆನ್ನ ಹಿಂದಿನ ಹಳ್ಳ ನೋಡಿದ, ಸಾತಪ್ಪ ತನ್ನ ಬೆನ್ನ ಹಿಂದಿನ ಹಳ್ಳ ನೋಡಿದ.

ಪಡುವಲವಾಡಿಯ ತುದಿಗೆ ಜೆಸಿಬಿ ಬಂದು ನಿಂತಿತು. ಅದರ ಹಿಂದೆ ಮೋಟರ್‌ಸೈಕಲ್ಲಿನ ಮೇಲೆ ಕಿರಿಯ ಇಂಜಿನಿಯರು ಸೋಮನಾಥ ಬಂದ. ಮನುಷ್ಯ ಪ್ರಾಮಾಣಿಕ.

"ಕಮಾನು ಗಟ್ಟಿ ಅದಾವ್ರಿ, ನಾ ಇಲ್ಲ ಅನ್ನೂದಿಲ್ಲ. ಅಗಲ ಸಾಲೂದಿಲ್ಲ. ಬಸ್ಸಿನ ಎರಡೂ ಮಗ್ಗಲಾ ನೋಡ್ರಿ, ಬಣ್ಣನ ಉಳಿದಿಲ್ಲ."

"ಹಂಗಾರ ಬಸ್ಸ ಸಣ್ಣದು ಮಾಡ್ರಿ," ಅಂದ ಮುರಗೆಪ್ಪ.

ಜನ ಹೋ ಎಂದು ನಕ್ಕರು. ಸಾತಪ್ಪನಿಗೂ ನಗು ಬಂದುಬಿಟ್ಟಿತು. ಅದನ್ನು ಕೆಮ್ಮಾಗಿ ತಿರುಗಿಸಲು ಅವನು ಪಟ್ಟ ಪಾಡನ್ನು ವಿಜಯಶ್ರೀ ನೋಡಿದಳು. ನೋಡಿ, ಘೋಷಣೆಯನ್ನು ಇನ್ನಷ್ಟು ಜೋರು ಮಾಡಿದಳು.

ಮಧ್ಯಾಹ್ನ ಚಹಾ ಬಂತು. ಸಾತಪ್ಪ ಗಂಟಲು ಸರಿಪಡಿಸಿಕೊಂಡ.

"ಸಾಹೇಬ್ರ, ಎದುರಿನವರಿಗೆ ಕೇಳ್ರಿ, ಚಾ ಕುಡೀತಾರೇನು ಅಂತ."

ಸೋಮನಾಥ ಅತ್ತ ತಿರುಗಿದ. "ಚಾ ಕುಡೀತೀರೇನ್ರಿ?"

"ಕುಡೀತೇನಿ. ಸಕ್ಕರಿ ಕಮ್ಮಿ ಅಂತ ಹೇಳ್ರಿ ಅವರಿಗೆ."

"ಸಕ್ಕರಿ ಕಮ್ಮಿಯಂತ್ರಿ," ಅಂದ ಸೋಮನಾಥ. ಸೇತುವೆ ಕೆಡವಲು ಬಂದವನು ಲೋಟ ಹಿಡಿದು ಈ ಕಟ್ಟೆಗೂ ಆ ಕಟ್ಟೆಗೂ ಓಡಾಡತೊಡಗಿದ.

ಇಳಿಹೊತ್ತಿಗೆ ಮುರಗೆಪ್ಪನ ಕುರಿಗಳು ಸಂಜೆಯ ಮೇವಿಗೆ ಹೊರಟು ಎಂದಿನಂತೆ ಸೇತುವೆಯ ಮೇಲೆ ನುಗ್ಗಿದವು. ಮುಂದಿನ ತುದಿಗೆ ಜೆಸಿಬಿ, ಹಿಂದಿನ ತುದಿಗೆ ಜನ. ಕುರಿಗಳು ನಡುವೆಯೇ ಜ್ಯಾಮಾದವು. ಬ್ಯಾನರಿನ ಒಂದು ಮೂಲೆಯನ್ನು ಯಾವುದೋ ಮರಿ ಮೆಲ್ಲತೊಡಗಿತು. ಗುಂಪಿನ ಮುಂದಿದ್ದ ಅದೇ ಸಂತೆಯ ಟಗರು ಸರಿಯಾಗಿ ಸಾತಪ್ಪನ ಮೊಣಕಾಲಿಗೆ ಬಂದು ನಿಂತು, ಮಾರಿ ಪಕ್ಕಕ್ಕೆ ಹೊರಳಿಸಿತು.

ಸಾತಪ್ಪ ಹಳ್ಳದ ಕಡೆ ನೋಡಿದ. ಮತ್ತೆ ಟಗರಿನ ಕಡೆ ನೋಡಿದ. ಎಷ್ಟಾದರೂ ಕುರಿ ಸಾಕಿದ ಕಣ್ಣು. ಅವನ ಕೈ ತಾನಾಗಿಯೇ ಎದ್ದು ಹಣೆಯಿಂದ ಮೂಗಿನ ತುದಿಯವರೆಗೆ ಸವರುತ್ತ ಹೋಯಿತು. ಸೇತುವೆಯ ಮೇಲೆ ಘೋಷಣೆ ನಿಂತಿತು.

"ಸಾಹೇಬ್ರ," ಅಂದ ಸಾತಪ್ಪ, "ಮೂಗು ಬಾಗೇತಿ ಅಂತ ಹೇಳ್ರಿ ಅವರಿಗೆ."

"ಮೂಗು ಬಾಗೇತಂತ್ರಿ."

"ಯಾವಾಗಿಂದ ಅಂತ ಕೇಳ್ರಿ," ಅಂದ ಮುರಗೆಪ್ಪ.

"ಹುಟ್ಟಿದಾಗಿಂದ ಅಂತ ಹೇಳ್ರಿ. ಅವತ್ತ ಸಂತ್ಯಾಗ ನನ್ನ ಕಣ್ಣಿಗೆ ಬಿಸಲ ಹೊಡೀತಿತ್ತು."

ಮುರಗೆಪ್ಪ ತಲೆಯ ಪಟಗ ತೆಗೆದು ಮುಖ ಒರೆಸಿಕೊಂಡ. ಆ ಹೊತ್ತಿನಲ್ಲಿ ಬೆವರಂತೂ ಇರಲಿಲ್ಲ.

"ಹಂಗಾರ ಮಕ್ಕಳ ವಿಷಯಾನೂ ಕೇಳೇ ಬಿಡ್ರಿ ಸಾಹೇಬ್ರ."

"ಯಾವ ಮಕ್ಕಳ್ರಿ?"

ಎರಡೂ ಊರಿನ ಜನ ಒಟ್ಟಿಗೆ ಕೈ ತೋರಿಸಿದರು. ಅರ್ಧ ಕೈ ವಿಜಯಶ್ರೀಯ ಕಡೆ, ಅರ್ಧ ಕೈ ಗುರುಸಿದ್ದನ ಕಡೆ. ಬ್ಯಾನರಿನ ಕೋಲು ಹಿಡಿದಿದ್ದ ಗುರುಸಿದ್ದ ಅದನ್ನು ಕೈಬಿಟ್ಟ. ಉಳಿದಿದ್ದ ಬ್ಯಾನರು ಕುರಿಗಳ ಪಾಲಾಯಿತು. ತಮ್ಮ ಗುಟ್ಟು ಎರಡು ಮನೆಗೂ ಕಾಸೀಂಸಾಬನಿಗೂ ಬಿಟ್ಟು ಬೇರಾರಿಗೂ ಗೊತ್ತಿಲ್ಲವೆಂದು ವಿಜಯಶ್ರೀ ನಂಬಿದ್ದಳು!

ಕಾಸೀಂಸಾಬ ಸಕ್ಕರೆಯ ಗಂಟು ಹೊತ್ತು ಕುರಿಗಳ ನಡುವೆ ದಾರಿ ಮಾಡಿಕೊಂಡು ಬಂದ.

"ಸಾಹೇಬ್ರ, ನಿಮ್ಮೂರು ಯಾವುದು?"

"ಮಿರಜ."

"ಭಾಳ ಚಲೋ. ಈ ಕಡಿಯವರೂ ಅಲ್ಲ, ಆ ಕಡಿಯವರೂ ಅಲ್ಲ. ಹಿಡೀರಿ."

ಆಗಲೇ ಸೋಮನಾಥನ ಫೋನು ಬಡಿದುಕೊಂಡಿತು. ಮೇಲಿನ ಸಾಹೇಬರು. ಕೆಲಸ ಶುರುವಾಗಿಲ್ಲ, ಸೇತುವೆಯ ಮೇಲೆ ನಿಶ್ಚಯ ನಡೆದಿದೆ ಎಂದು ಅವನು ಮರಾಠಿಯಲ್ಲಿ ವಿವರಿಸಿದ. ಆಚೆಯಿಂದ ಏನು ಕೇಳಿದರೋ, "ಹೌದು ಸರ್, ಸಕ್ಕರೆ ನಾನೇ ಹಂಚುತ್ತಿದ್ದೇನೆ," ಎಂದು ಫೋನು ಕಿಸೆಗೆ ಇಳಿಸಿ, ಜೆಸಿಬಿಯ ಡ್ರೈವರಿಗೂ ಒಂದು ಹಿಡಿ ಕೊಟ್ಟ. ಡ್ರೈವರು ಬಾಯಿ ಸಿಹಿ ಮಾಡಿಕೊಂಡು, ಕುರಿಗಳಿಗೆ ದಾರಿ ಬಿಡಲು ಗಾಡಿಯನ್ನು ಹಿಂದಕ್ಕೆ ಒಯ್ದ.

ವಿಜಯಶ್ರೀಗೆ ಇಷ್ಟೇ ಬೇಕಾಗಿತ್ತು. ಗೆದ್ದೆ ಎಂದುಕೊಂಡಳು. ಅಷ್ಟರಲ್ಲಿ ಸಾತಪ್ಪ, ಮೊದಲ ಸಲ ನಡುವೆ ಯಾರನ್ನೂ ಇಟ್ಟುಕೊಳ್ಳದೆ ಮಾತಾಡಿದ.

"ಬೀಗರ, ಒಂದ ಮಾತು. ನಮ್ಮ ಮದುವಿ ನಿಬ್ಬಣ ಈ ಕಲ್ಲಿನ ಪೂಲಿನ ಮ್ಯಾಲನ ಬರೂದು. ನಮ್ಮಪ್ಪಂದು ಬಂತು, ನಂದು ಬಂತು."

"ಮತ್ತ ಇವರು ಕೆಡವಿದ್ರ?"

"ಕೆಡವಿದ್ರ ನಿಬ್ಬಣಿಲ್ಲ."

"ಖರೇ ಮಾತು," ಎಂದು ಮುರಗೆಪ್ಪ ಕೈ ಮುಂದೆ ಚಾಚಿದ. ಇಬ್ಬರೂ ಕೈಗೆ ಕೈ ಹೊಡೆದರು. ಆ ಸಪ್ಪಳಕ್ಕೆ ಟಗರು ಬೆದರಿತು.

ವಿಜಯಶ್ರೀ ಗುರುಸಿದ್ದನನ್ನು ನೋಡಿದಳು. ಅವನು ಬಾಯಿತುಂಬ ಸಕ್ಕರೆ ಮುಕ್ಕುತ್ತಿದ್ದ. ಒಂದು ದಿನದ ಮಟ್ಟಿಗೆಂದು ಅವಳು ಹುಟ್ಟಿಸಿದ ಸಮಿತಿ ಈಗ ಕೊರಳಿಗೇ ಬಿದ್ದಿತ್ತು. ಅವಳು ಕಾಲಡಿಯ ಕಲ್ಲುಗಳನ್ನು ಅಂದೇ ಮೊದಲ ಸಲ ಕಂಡವಳಂತೆ ನೋಡಿದಳು. ಚುನ್ನರಿ ಸೊಂಟಕ್ಕೆ ಬಿಗಿದು ಕಟ್ಟಿದಳು.

"ಸಾಹೇಬ್ರ, ಹಳ್ಳದ ಮ್ಯಾಲಿನ ಕಡಿ ಗಾಯರಾಣ ಐತಿ, ಸರಕಾರಿ ಜಾಗಾ. ಅಲ್ಲಿ ನಿಮಗ ಎಷ್ಟ ಅಗಲ ಬೇಕೋ ಅಷ್ಟ ಅಗಲ ಹೊಸಾ ಪೂಲ ಕಟ್ಟಸ್ರಿ, ಇದನ್ನ ಮುಟ್ಟಬ್ಯಾಡ್ರಿ. ತೋರಸ್ತೇನಿ, ಬರ್ರಿ."

ಸೋಮನಾಥನ ಅಂಗೈಯಲ್ಲಿ ಇನ್ನೂ ಸಕ್ಕರೆ ಇತ್ತು.

"ಈಗ?"

"ಈಗ್ರಿ, ಲಗೂನ. ನನ್ನ ಮದುವಿ ಐತಿ."