ಈಡಿಗೆ ಮುಂಚಿನ ಕೂಗು

ಬಂದೂಕು ಹಾರಿಸುವ ಮುನ್ನ ಉಸಿರು ಬಿಗಿಹಿಡಿಯುವವರನ್ನು ಕಂಡಿದ್ದೇನೆ, ಕುಲದೇವರನ್ನು ನೆನೆಯುವವರ ಬಗ್ಗೆ ಕೇಳಿದ್ದೇನೆ, ಆದರೆ ಕಾಡುಹಂದಿಯ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವಂತೆ "ಆಚಿಗೆ ಯಾರಾದ್ರೂ ಇದ್ರ್ಯಾ?" ಎಂದು ಕೂಗಿ, ಉತ್ತರಕ್ಕಾಗಿ ಸಾವಧಾನದಿಂದ ಕಾಯುವ ಬಂದೂಕುಧಾರಿಯನ್ನು ಸುಂಕಸಾಳದ ಜಟ್ಟು ನಾಯ್ಕರ ಹೊರತು ಇನ್ನೊಬ್ಬರನ್ನು ನಾನು ಅರಿಯೆ. ಹಂದಿಯೇನು ದಡ್ಡ ಪ್ರಾಣಿಯಲ್ಲ. ಪ್ರಶ್ನೆ ತನಗೆ ಕೇಳಿದ್ದಲ್ಲವೆಂದು ಗೊತ್ತಿದ್ದರೂ ಅದು ದೊರೆತ ಸಮಯವನ್ನು ವ್ಯರ್ಥ ಮಾಡುವುದಿಲ್ಲ. ಹೀಗಾಗಿ ಇಷ್ಟು ವರ್ಷಗಳ ಬಂದೂಕಿನ ಬಾಳಿನಲ್ಲಿ ಜಟ್ಟು ನಾಯ್ಕರಿಂದ ಒಂದು ಹಂದಿಯ ಕೂದಲೂ ಕೊಂಕಿಲ್ಲ. ಹೆದರಿಸಿ ಓಡಿಸಿದರೆ ಸಾಕು ಎಂಬುದು ಅವರ ಮತ. ಅದಕ್ಕೆ ಬಂದೂಕೇ ಬೇಕೆ, ಗಂಟಲೇ ಸಾಲದೆ ಎಂಬುದು ಊರವರ ಪ್ರಶ್ನೆ.

ಆ ಗಂಟಲು ತಯಾರಾದದ್ದು ಹೊಲದಲ್ಲಲ್ಲ, ಬಸ್ಸಿನಲ್ಲಿ. ಮೂವತ್ತನಾಲ್ಕು ವರ್ಷ ಅವರು ಅಂಕೋಲಾ–ಯಲ್ಲಾಪುರ ದಾರಿಯಲ್ಲಿ ಕಂಡಕ್ಟರಾಗಿದ್ದರು. ನಾನು ರಾಮನಗುಳಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಒಂಬತ್ತು ವರ್ಷ ನಿತ್ಯವೂ ಅವರ ಬಸ್ಸಿನಲ್ಲೇ ಓಡಾಡಿದವನು. ಆಮೇಲೆ ಕಾರವಾರಕ್ಕೆ ಬಂದು ನೆಲೆಸಿದರೂ ಆ ಸ್ನೇಹ ಕಳಚಲಿಲ್ಲ. ನಿವೃತ್ತರಾಗಿ ಇಷ್ಟು ಕಾಲವಾದರೂ ಅವರ ನಡಿಗೆಯಿಂದ ಬಸ್ಸು ಇಳಿದಿಲ್ಲ. ಗಟ್ಟಿ ನೆಲದ ಮೇಲೂ ಕಾಲಗಲಿಸಿ, ಎಡಭುಜವನ್ನು ಕೊಂಚ ಇಳಿಬಿಟ್ಟು, ಭೂಮಿ ಯಾವ ಕ್ಷಣದಲ್ಲಾದರೂ ಬ್ರೇಕು ಹಾಕೀತು ಎಂಬ ಎಚ್ಚರದಲ್ಲಿ ನಡೆಯುತ್ತಾರೆ. ಮನೆಗೆ ನೆಂಟರು ಬಂದರೆ "ಮುಂದೆ ಬರ್ರಿ, ಮುಂದೆ ಬರ್ರಿ, ಒಳಗೆ ಜಾಗ ಉಂಟು" ಎನ್ನುತ್ತಾರೆ. ಆ ಖಾಕಿ ಕೋಟನ್ನಂತೂ ಬಿಟ್ಟೇ ಇಲ್ಲ. ಮಡದಿ ಹೊನ್ನಮ್ಮ ಅದನ್ನು ಎರಡು ಸಲ ಗದ್ದೆಯಲ್ಲಿ ಹಕ್ಕಿ ಬೆದರಿಸುವ ಬೆಚ್ಚಪ್ಪನಿಗೆ ತೊಡಿಸಿದ್ದಳು, ಎರಡು ಸಲವೂ ಅವರು ಬೆಚ್ಚಪ್ಪನ ಮೈಮೇಲಿಂದ ಬಿಚ್ಚಿ ತಂದು ತಾವು ತೊಟ್ಟರು.

ಕೂಗಿನ ಮೂಲವನ್ನು ಒಮ್ಮೆ ಅವರೇ ನನಗೆ ಹೇಳಿದ್ದುಂಟು. ಹೊಸ ನೌಕರಿಯ ದಿನಗಳಲ್ಲಿ, ಬೆಳಂಬಾರದಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಮಾದೇವಿ ಎಂಬ ಹೆಂಗಸಿನ ಒಂದು ಕಾಲು ಇನ್ನೂ ರಸ್ತೆಯ ಮೇಲಿರುವಾಗಲೇ ಅವರು ಗಂಟೆ ಎಳೆದುಬಿಟ್ಟರು. ಮಾದೇವಿಗೆ ಮೊಣಕಾಲು ತರಚಿತು, ಅಷ್ಟೇ; ಬುಟ್ಟಿಯ ಬಂಗಡೆಯೆಲ್ಲ ಹೆದ್ದಾರಿಯ ಪಾಲಾಯಿತು. ಜಟ್ಟು ನಾಯ್ಕರು ಹಿಂದೆ ಬಂದ ಲಾರಿಗಳನ್ನು ನಿಲ್ಲಿಸಿ, ಒಂದೊಂದೇ ಮೀನು ಹೆಕ್ಕಿ, ನೀರಿನಲ್ಲಿ ತೊಳೆದು ಬುಟ್ಟಿಗೆ ಹಾಕಿದರು. ಆದರೆ ಮಾದೇವಿ ಸುಲಭಕ್ಕೆ ಕ್ಷಮಿಸುವವಳಲ್ಲ. ಮುಂದೆ ಇಪ್ಪತ್ತು ವರ್ಷ ಬಸ್ಸು ಹತ್ತುವಾಗಲೆಲ್ಲ ಒಂದು ಕಾಲು ಕೆಳಗಿಟ್ಟೇ ನಿಂತು, "ಜಟ್ಟೂ, ನಾ ಇನ್ನೂ ಹತ್ತಲಿಲ್ಲ, ಕಂಡ್ಕ!" ಎಂದು ಸಾರಿದ ಮೇಲೆಯೇ ಇನ್ನೊಂದು ಕಾಲೆತ್ತುತ್ತಿದ್ದಳು. ಆ ಘಟನೆಯ ನಂತರ ಜಟ್ಟು ನಾಯ್ಕರು "ಯಾರಾದ್ರೂ ಇದ್ರ್ಯಾ?" ಎಂದು ಕೇಳದೆ ಗಂಟೆ ಎಳೆದದ್ದಿಲ್ಲ. ಆ ಮಾತು ಹಾಗೆಯೇ ಬಸ್ಸಿನಿಂದಿಳಿದು ಅವರೊಂದಿಗೆ ಗದ್ದೆಗೂ ಬಂತು.

ಗದ್ದೆಯಲ್ಲಿ ಅವರ ಕೈಗಿದ್ದದ್ದು ಅಪ್ಪನ ಕಾಲದ ಕೇಪಿನ ಕೋವಿ. ಬೆಳೆ ಕಾಯಲು ಸರಕಾರ ಕೊಟ್ಟ ಪರವಾನಗಿಯದು. ಚುನಾವಣೆ ಬಂತೆಂದರೆ ಸುತ್ತಲಿನ ರೈತರೆಲ್ಲ ತಂತಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆಗ ಕೆಲವರು ಹಳೆಯ ಸೀರೆಯಲ್ಲಿ ಸುತ್ತಿ, ಕೆಲವರು ಗೋಣಿಯಲ್ಲಿ ಕಟ್ಟಿ ಸಾಲಾಗಿ ನಿಂತಿರುತ್ತಾರೆ. ಜಟ್ಟು ನಾಯ್ಕರು ಮಾತ್ರ ಹಳೆಯ ಖಾಕಿ ಪ್ಯಾಂಟಿನ ಒಂದು ಕಾಲಿನೊಳಗೆ ಕೋವಿಯನ್ನು ತೂರಿಸಿ, ಇನ್ನೊಂದು ಕಾಲನ್ನು ಅದಕ್ಕೆ ಸುತ್ತಿ, ಮದುಮಗನನ್ನು ಕರೆತಂದಷ್ಟು ಅಕ್ಕರೆಯಿಂದ ತರುತ್ತಿದ್ದರು. ಕಳೆದ ಚುನಾವಣೆ ಮುಗಿದು ಅದನ್ನು ಮರಳಿ ತಂದು ಎಣ್ಣೆ ಸವರುವಾಗ ನಳಿಗೆಯ ಬುಡದಲ್ಲಿ ಕೂದಲೆಳೆಯ ಬಿರುಕು ಕಂಡಿತು. ರಿಪೇರಿಯವನು ಕೈಮುಗಿದು, ಇನ್ನು ಇದನ್ನು ಗೋಡೆಗೆ ತೂಗುಹಾಕಿ ಎಂದ. ಅತ್ತ ಹೊನ್ನಮ್ಮನ ಶೇಂಗಾ ಗದ್ದೆಗೆ ಹಂದಿಗಳು ಮರಿ ಸಮೇತ ಬರತೊಡಗಿದ್ದವು. ಹೊಸ ಬಂದೂಕಿಗೆ ಅರ್ಜಿ ಹಾಕಿ, ಅದು ಮೇಜಿನಿಂದ ಮೇಜಿಗೆ ಸಾಗಿ, ಕೊನೆಗೂ ಕಾರವಾರದ ಕಚೇರಿಯಿಂದ ಪತ್ರ ಬಂತು: ಯಾವ ಬಗೆಯ ಬಂದೂಕು ಬೇಕೆಂದು ನವೆಂಬರ್ ಮೂವತ್ತರೊಳಗೆ ಬರೆದು ಕೊಡತಕ್ಕದ್ದು, ತಪ್ಪಿದಲ್ಲಿ ಅರ್ಜಿ ರದ್ದಾಗುವುದು. ಆಗ ಸೆಪ್ಟೆಂಬರ್. ಆಯ್ಕೆ ಎರಡೇ: ಕಾಳಿನಂಥ ಸಣ್ಣ ಗುಂಡುಗಳ ಚರೆ ಚೆಲ್ಲುವ ಜೋಡುನಳಿಗೆಯೋ, ಒಂದೇ ಗುಂಡಿನ ರೈಫಲೋ.

ರೈಫಲ್ ಪಕ್ಷದ ನಾಯಕರು ಹೊನ್ನಮ್ಮನ ಅಣ್ಣ ರಾಮನಾಥ ನಾಯ್ಕರು. ಸೈನ್ಯದಿಂದ ನಿವೃತ್ತರಾಗಿ ಬಂದವರು, ಹಳ್ಳದ ಆಚೆ ದಂಡೆಯಲ್ಲೇ ಮನೆ. "ಬಾವಾ, ಚರೆ ಅಂದ್ರೆ ಮದ್ವೆಮನೆ ಅಕ್ಷತೆ ಇದ್ದಾಂಗೆ. ಯಾರ ತಲೆ ಮೇಲೆ ಬೀಳ್ತದೆ ಹೇಳೂಕಾಗ್ತದಾ? ರೈಫಲ್ ಅಂದ್ರೆ ಒಂದು ಗುಂಡು, ಒಂದು ಹಂದಿ. ಲೆಕ್ಕ ಚುಕ್ತಾ" ಎಂಬುದು ಅವರ ವಾದ. ಹೊನ್ನಮ್ಮ ಮಧ್ಯಸ್ಥಳು: "ಯಾವ್ದಾದ್ರೂ ತಕಂಬನ್ನಿ. ನನ್ನ ಶೇಂಗಾ ಉಳುದ್ರೆ ಆಯ್ತು."

ನಿಜ ಹೇಳಬೇಕೆಂದರೆ ಜಟ್ಟು ನಾಯ್ಕರ ಮನಸ್ಸು ರೈಫಲಿನ ಮೇಲೆಯೇ ಇತ್ತು. ರಾಮನಾಥರ ಮನೆಯ ಜಗಲಿಯಲ್ಲಿ, ಸಮವಸ್ತ್ರ ತೊಟ್ಟು ರೈಫಲು ಹಿಡಿದ ಭಾವನ ಪಟದ ಮುಂದೆ ಅವರು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದನ್ನು ನಾನು ನೋಡಿದ್ದೆ. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಅಂಗಡಿಯವನು ರೈಫಲನ್ನು ಕೈಗಿತ್ತಾಗ ಅವರ ಮುಖ ಹಸುಗೂಸನ್ನು ಎತ್ತಿಕೊಂಡವರ ಮುಖವಾಯಿತು. ನಯವಾದ ಮರದ ಹಿಡಿಯ ಮೇಲೆ ಬೆರಳಾಡಿಸಿ, ಇದು ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರು. ಮೈಲಿ ದಾಟಿಯೂ ಹೋದೀತು ಎಂದು ಅವನು ಹೆಮ್ಮೆಯಿಂದ ಹೇಳಿದ. ಬರುವಾಗ ಬಸ್ಸು ಅರಬೈಲು ಘಟ್ಟ ಇಳಿಯುತ್ತಿದ್ದಂತೆ ಅವರು ತಮಗೆ ತಾವೇ ಎಂಬಂತೆ "ಮೈಲಿ" ಎಂದರು.

ಮಾರನೆಯ ದಿನದಿಂದ ಶುರುವಾದದ್ದು ಸುಂಕಸಾಳದವರು ಇಂದಿಗೂ ನಕ್ಕು ಹೇಳುವ ಪ್ರಯೋಗ. ಬಂದೂಕಿನಷ್ಟೇ ಉದ್ದದ ಬಿದಿರು ಕೋಲೊಂದನ್ನು ಕಡಿದು, ದಿನವೂ ಸಂಜೆ ಖಾಕಿ ಕೋಟು ತೊಟ್ಟು ಶೇಂಗಾ ಗದ್ದೆಯ ನಡುವೆ ನಿಂತು, ಕೋಲನ್ನು ಭುಜಕ್ಕೇರಿಸಿ ಒಂದು ದಿಕ್ಕಿಗೆ ಗುರಿ ಹಿಡಿಯುವುದು, ಕೂಗುವುದು, ಆಮೇಲೆ ಕೋಲು ಹೆಗಲಿಗಿಟ್ಟುಕೊಂಡು ಅದೇ ನೇರದಲ್ಲಿ ಒಂದು ಮೈಲಿ ನಡೆದುಹೋಗಿ, ದಾರಿಯಲ್ಲಿ ಯಾರು ಸಿಗುತ್ತಾರೆಂದು ಬರೆದುಕೊಳ್ಳುವುದು. ಜನ ಹುಚ್ಚೆಂದರು. ರಾಮನಾಥರು ಹಳ್ಳದಾಚೆಯಿಂದ "ಏ ಬಾವಾ, ಕೋಲಿಗೆ ಲೈಸನ್ಸ್ ಆಯ್ತಾ?" ಎಂದು ಕೂಗುತ್ತಿದ್ದರು. ನಾನು ಅಲ್ಲಿಗೆ ಹೋಗಿದ್ದ ಒಂದು ಭಾನುವಾರ ಜಟ್ಟು ನಾಯ್ಕರು ನನ್ನನ್ನೂ ಹಿಂದಿಟ್ಟುಕೊಂಡು ಮೂಡು ದಿಕ್ಕಿಗೆ ನಡೆದರು. ಗುಡ್ಡದ ಬುಡದಲ್ಲಿ ನಾಗಿ ಎಂಬ ಮುದುಕಿ ಸೌದೆ ಹೊರೆ ಇಳಿಸಿ ಎಲೆಯಡಿಕೆ ಹಾಕುತ್ತಿದ್ದಳು. ಜಟ್ಟು ನಾಯ್ಕರು ಎಷ್ಟೊತ್ತಿಗೆ ಇಲ್ಲಿ ಬರುತ್ತೀ, ಎಷ್ಟು ಹೊತ್ತು ಕೂರುತ್ತೀ ಎಂದು ವಿಚಾರಿಸಿ ಬರೆದುಕೊಂಡರು. "ಯಂತಕೆ ಬರಿತ್ರಾ, ಪಿಂಚಣಿಗಾ?" ಎಂದು ಅವಳು ಆಸೆಯಿಂದ ಕೇಳಿದಾಗ ಅವರು ಪುಸ್ತಕವನ್ನು ಕೋಟಿನ ಜೇಬಿಗಿಳಿಸಿ, ಸೌದೆ ಹೊರೆಯನ್ನು ಅವಳ ತಲೆಗೆ ಎತ್ತಿಕೊಟ್ಟರು.

ಆ ಪುಸ್ತಕವನ್ನು ನಾನು ತಿರುವಿ ನೋಡಿದ್ದೇನೆ. ಕಂಡಕ್ಟರು ಬರೆಯುವ ಬಸ್ಸಿನ ಪಟ್ಟಿಯ ಹಾಗೆಯೇ ಗೆರೆ ಹಾಕಿ ಬರೆದದ್ದು. ಪಡುವಣಕ್ಕೆ: ಹೆದ್ದಾರಿ, ತಂಗುದಾಣ, ಆರೂಕಾಲರ ಬಸ್ಸಿಗೆ ಕಾಯುವವರು. ಬಡಗಣಕ್ಕೆ: ಅಂಗನವಾಡಿ, ಅದರ ಹಿಂದೆ ತಿಮ್ಮುವಿನ ಮನೆ, ಬಾಣಂತಿ ಇದ್ದಾಳೆ. ಮೂಡಣಕ್ಕೆ: ನಾಗಿ. ತೆಂಕಣಕ್ಕೆ: ಹಳ್ಳ, ಪಂಪು, ರಾಮನಾಥ ಬಾವ. ಒಂದು ದಿಕ್ಕಾದರೂ ಬರಿದಾಗಿರಲಿಲ್ಲ.

ನವೆಂಬರ್ ಮೂವತ್ತರ ಬೆಳಿಗ್ಗೆ ಅವರು ಕಾರವಾರದ ನನ್ನ ಮನೆಗೆ ಬಂದರು. ಅರ್ಜಿಯ ಆ ಒಂದು ಸಾಲು ಇನ್ನೂ ಖಾಲಿಯಿತ್ತು. ಕಚೇರಿಯ ಬಾಗಿಲು ತೆರೆಯುವವರೆಗೆ ಜಗಲಿಯಲ್ಲಿ ಕೂತರು, ಚಾ ಕುಡಿದರು, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡರು, ತೆಗೆದರು. ರೈಫಲನ್ನು ಬಿಡುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಕಂಡು ನನಗೇ ಸಂಕಟವಾಯಿತು. ಬೇಕಾದ್ದನ್ನೇ ಬರೆಯಿರಿ, ಹೇಗೂ ಕೂಗಿಯೇ ಹೊಡೆಯುತ್ತೀರಲ್ಲ ಎಂದೆ. ಅವರು ತಲೆಯಾಡಿಸಿದರು.

"ನಾ ಕೂಗ್ತೆ ಮಾಸ್ತರ್ರೆ. ಆದ್ರೆ ನನ್ನ ಕೂಗು ಮೈಲಿ ಹೋಗೂದಿಲ್ಲ. ರೈಫಲ್ ಅಂದ್ರೆ ಎಕ್ಸ್‌ಪ್ರೆಸ್ ಬಸ್ಸು. ಮಧ್ಯ ಸ್ಟಾಪ್ ಇಲ್ಲ. ಚರೆ ಲೋಕಲ್ಲು. ಹತ್ರದಲ್ಲೇ ಎಲ್ಲಾ ಇಳ್ಕಂಡು ಮುಗಿತದೆ." ಹೀಗೆಂದು, ಟಿಕೆಟ್ಟು ಹರಿಯುವ ವೇಗದಲ್ಲಿ 'ಜೋಡುನಳಿಗೆ' ಎಂದು ಬರೆದು ಎದ್ದುಬಿಟ್ಟರು.

ಬಂದೂಕು ಬಂತು, ಖಾಕಿ ಪ್ಯಾಂಟಿನ ಕಾಲು ಅದಕ್ಕೂ ಸರಿಯಾಯಿತು. ರಾಮನಾಥರು ಮಾತ್ರ ಅದನ್ನು ಬಂದೂಕೆಂದು ಒಪ್ಪಲೇ ಇಲ್ಲ, "ಅಕ್ಷತೆ ಬಟ್ಟಲು" ಎಂದೇ ಕರೆದರು. ಆಮೇಲೆ ಬಂದ ಮಾರ್ಚಿನ ಒಂದು ಸಂಜೆ ನಾನು ಸುಂಕಸಾಳದಲ್ಲೇ ಇದ್ದೆ. ಸೂರ್ಯ ಮುಳುಗಿ ಇನ್ನೂ ಬೆಳಕು ಉಳಿದಿದ್ದ ಹೊತ್ತು. ಗದ್ದೆಯ ತೆಂಕಣ ಅಂಚಿನಲ್ಲಿ ಒಂಟಿ ಸಲಗದಂಥ ಹಂದಿಯೊಂದು ನಿಂತು ಶೇಂಗಾ ಬುಡವನ್ನು ಮಗುಚುತ್ತಿತ್ತು, ಹೆಚ್ಚೆಂದರೆ ಮೂವತ್ತು ಹೆಜ್ಜೆ. ಇಷ್ಟು ಸುಲಭದ ಗುರಿ ಅವರಿಗೆ ಜನ್ಮದಲ್ಲಿ ಸಿಕ್ಕಿರಲಾರದು. ಈ ಸಲವಾದರೂ ಹೊಡೆದೇ ಬಿಡಿ, ಕೂಗಬೇಡಿ ಎಂದು ನಾನೇ ಪಿಸುಗುಟ್ಟಿದೆ. ಜಟ್ಟು ನಾಯ್ಕರು ಬಂದೂಕನ್ನೆತ್ತಿ, ಗಂಟಲು ಸರಿಮಾಡಿಕೊಂಡು ಕೂಗಿದರು:

"ಆಚಿಗೆ ಯಾರಾದ್ರೂ ಇದ್ರ್ಯಾ?"

"ಓ! ನಾ ಇದ್ದೆ ಬಾವಾ, ನಾ ಇದ್ದೆ! ಹೊಡಿಬೇಡ!"

ಹಂದಿಯ ನೇರದಲ್ಲಿ, ಇನ್ನೂರು ಹೆಜ್ಜೆಯಾಚೆ, ಹಳ್ಳದ ತಗ್ಗಿನಿಂದ ರಾಮನಾಥರ ತಲೆ ಮೇಲೆದ್ದಿತು. ಪಂಪಿನ ಕೊಳವೆಗೆ ಸಿಕ್ಕಿದ ಕಸ ತೆಗೆಯಲು ಬಗ್ಗಿ ಕೂತಿದ್ದರಂತೆ. ಚರೆ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ರೈಫಲಿನ ಗುಂಡಿನ ವಿಷಯ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆದರೆ ಜಟ್ಟು ನಾಯ್ಕರು ಅದೊಂದನ್ನೂ ಯೋಚಿಸುತ್ತಿರಲಿಲ್ಲ. ಬಂದೂಕನ್ನು ಬದುವಿನ ಮೇಲೆ ಮಲಗಿಸಿ, ಎರಡೂ ಕೈಯಲ್ಲಿ ನನ್ನ ಭುಜ ಹಿಡಿದು ಕುಲುಕಿದರು. "ಕೇಳಿದ್ರ್ಯಾ ಮಾಸ್ತರ್ರೆ? ಈ ಗದ್ದೇಲಿ ಎಷ್ಟು ವರ್ಷಾತು ಕೂಗೂಕೆ ಹತ್ತಿ! ಇವತ್ತು ಒಬ್ಬ ಓ ಅಂದ!" ಅವರ ಕಣ್ಣಲ್ಲಿ ನೀರಿತ್ತು, ಬಾಯ್ತುಂಬ ನಗುವಿತ್ತು. ಹಂದಿ ಯಾವಾಗ ಹೋಯಿತೆಂದು ನಾವಿಬ್ಬರೂ ನೋಡಲಿಲ್ಲ.

ಮೊಣಕಾಲುದ್ದ ಒದ್ದೆಯಾಗಿ ಬಂದ ರಾಮನಾಥರು ಜಗಲಿಯಲ್ಲಿ ಕೂತು, ಚಾ ಆರುವವರೆಗೂ ಪಂಚೆಯ ಅಂಚು ಹಿಂಡುತ್ತಿದ್ದರು. ಹೊನ್ನಮ್ಮ ಗಂಡನನ್ನು ಕೇಳಿದಳು:

"ಹಂದಿ?"

"ಹೋಯ್ತು."

"ಅಣ್ಣ?"

"ಅದಾನಲ."

"ಹಂಗಾರೆ ಸರಿ ಆಯ್ತು" ಎಂದು ಅವಳು ಒಳಗೆ ಹೋಗಿ ಅಣ್ಣನಿಗೆ ಇನ್ನೊಂದು ಲೋಟ ಬಿಸಿ ಚಾ ತಂದಳು. ಅಂದಿನಿಂದ ರಾಮನಾಥರು ಅಕ್ಷತೆಯ ಮಾತೆತ್ತಿಲ್ಲ. ಸಂಜೆ ಹಳ್ಳದ ಕಡೆ ಇರಲಿ, ಮನೆಯೊಳಗೇ ಇರಲಿ, ಕೂಗು ಕೇಳಿದರೆ ತಪ್ಪದೆ ಓಗೊಡುತ್ತಾರೆ. ಅದನ್ನು ಕೇಳಿ ಗುಡ್ಡದ ಬುಡದಿಂದ ನಾಗಿಯೂ ಒಂದು ಓ ಸೇರಿಸುತ್ತಾಳಂತೆ.

ಗುರಿಕಾರರಿಗೆ ಲೋಕದಲ್ಲಿ ಹೆಸರುಂಟು, ಪದಕವುಂಟು. ಗುರಿಯ ಬೆನ್ನ ಹಿಂದೆ ಯಾರಿದ್ದಾರೆಂದು ಕೇಳಿ ಕಾಯುವವರಿಗೆ ಊರು ಕೊಡುವುದು ನಗೆಯನ್ನು ಮಾತ್ರ. ಅವರೂ ಆ ನಗೆಯಲ್ಲಿ ಕೂಡಿಕೊಂಡು ನಗುತ್ತಾರೆ. ಅಂಥವರ ಒಂದು ಕೂಗಿನ ದೆಸೆಯಿಂದ ಎಷ್ಟೋ ಜನ ಪ್ರತಿ ಸಂಜೆ, ತಮಗೆ ಏನು ತಪ್ಪಿತೆಂಬುದನ್ನೇ ಅರಿಯದೆ, ಕಾಲು ತೊಳೆದುಕೊಂಡು ಮನೆಯೊಳಗೆ ಹೋಗಿ ಚಾ ಕುಡಿಯುತ್ತಾರೆ. ನಮ್ಮಲ್ಲಿ ರಾಮನಾಥರೊಬ್ಬರಿಗೆ ಮಾತ್ರ ಅದು ಗೊತ್ತಾಗಿದೆ.