ಟಾಲ್ಮನ್ ಅವರ ಸೂತಕ

ಮೊಮ್ಮಗಳ ನಿಶ್ಚಿತಾರ್ಥಕ್ಕೆ ಇನ್ನು ಐದೇ ದಿನ ಇರುವಾಗ ಸಿಡ್ನಿಯಿಂದ ಲಕ್ಷ್ಮೀಶ ಅವರು ಫೋನ್ ಮಾಡಿ, ತಮ್ಮ ಮನೆಯಲ್ಲಿ ಸೂತಕವಾಗಿದೆ, ಕಾರ್ಯವನ್ನು ಮುಂದೂಡಬೇಕು ಎಂದರು. ತೀರಿಕೊಂಡವರು ಯಾರು ಎಂದು ಕೇಳಿದೆ.

"ಟಾಲ್ಮನ್ ಅವರು," ಎಂದರು.

ಎಫ್ರೇಮ್ ಟಾಲ್ಮನ್ ತೀರಿಕೊಂಡದ್ದು 1884ರಲ್ಲಿ, ಅಮೆರಿಕದಲ್ಲಿ. ನಾವು ಮಾತನಾಡುತ್ತಿದ್ದುದು 2016ರ ನವೆಂಬರಿನಲ್ಲಿ.

ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಾನೂ ನನ್ನ ಹೆಂಡತಿ ಜಯಲಕ್ಷ್ಮಿಯೂ ವಿಸಿಟರ್ ವೀಸಾದ ಮೇಲೆ ಮೆಲ್ಬರ್ನ್‌ಗೆ, ಕ್ಲೈಡ್ ನಾರ್ತ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೆವು. ಬಂದ ಹೊಸದರಲ್ಲಿ, ಯಾವ ಕೋಣೆಯ ದೀಪ ವ್ಯರ್ಥವಾಗಿ ಉರಿಯುತ್ತಿದೆ ಎಂದು ನೋಡುವುದರ ಹೊರತು ನನಗೆ ಬೇರೆ ಕೆಲಸವಿರಲಿಲ್ಲ. ಮನೆಯವರು ಇದನ್ನು ಬಹಳ ಕಾಲ ಸಹಿಸಲಿಲ್ಲ. ಕ್ಲೇಟನ್‌ನಲ್ಲಿ ಫಾರ್ಮಸಿಸ್ಟ್ ಆಗಿರುವ ಮೊಮ್ಮಗಳು ನಿಕಿತಾ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದಳು.

ಅಮೆರಿಕದ ಇತಿಹಾಸ ಸಂಘವೊಂದು ಓಹಾಯೋ ನದಿಯ ದಡದ ಒಂದು ನಗರದಲ್ಲಿ ವಕೀಲನೂ ನಗರಸಭೆಯ ಸದಸ್ಯನೂ ಆಗಿದ್ದ ಟಾಲ್ಮನ್‌ನ ಪತ್ರಗಳ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಅವನ್ನು ಓದಿ ಟೈಪ್ ಮಾಡಿಕೊಡುವವರನ್ನು ಕರೆದಿತ್ತು. ಕೂಡಿಸಿ ಬರೆದ ಇಂಗ್ಲಿಷ್ ಅಕ್ಷರವನ್ನು ಓದಬಲ್ಲವರು ಈಗ ಅಲ್ಲಿಯೇ ಕಡಿಮೆಯಂತೆ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಕೈ ತಿದ್ದಿದ ನಮಗೆ ಅದು ಕಷ್ಟವಲ್ಲ. ಪತ್ರಗಳು ಎರಡು ಕಟ್ಟುಗಳಲ್ಲಿದ್ದವು: ವ್ಯವಹಾರದ್ದೊಂದು, ಖಾಸಗಿಯದೊಂದು. ವ್ಯವಹಾರದ ಕಟ್ಟನ್ನು ನಾನು ತೆಗೆದುಕೊಂಡೆ. ಖಾಸಗಿಯ ಕಟ್ಟನ್ನು ನಿಕಿತಾ ತಾನು ಮದುವೆಯಾಗಲಿರುವ ಹೃಷಿಕೇಶನ ತಾತನಿಗೆ ಕೊಡಿಸಿದಳು. ಆ ತಾತನೇ ಲಕ್ಷ್ಮೀಶ. ಮೈಸೂರಿನ ಭೂಮಾಪನ ಇಲಾಖೆಯಲ್ಲಿ ದುಡಿದು, ಕಾಯಂ ವಾಸದ ಪಿಆರ್ ಪಡೆದು, ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಮಗನೊಡನೆ ನೆಲೆಸಿದವರು. ಮುದುಕರಿಬ್ಬರೂ ಹೊಂದಿಕೊಳ್ಳಲಿ ಎಂಬುದು ಮಕ್ಕಳ ಯೋಜನೆ.

ನಾವು ಪ್ರತಿ ಸಂಜೆ ಫೋನಿನಲ್ಲಿ ಜಗಳವಾಡಿದೆವು.

ನನ್ನ ಕಟ್ಟಿನ ಟಾಲ್ಮನ್ ಒಂದೇ ನೀರಿನ ಕೊಳವೆಯ ಗುತ್ತಿಗೆಯನ್ನು ಇಬ್ಬರಿಗೆ ಬರೆದುಕೊಟ್ಟಿದ್ದ. ಬೀದಿದೀಪ ಹಚ್ಚುವವನ ಒಂದೇ ಹುದ್ದೆಯನ್ನು ಕೊಡುವುದಾಗಿ ಐದು ಮಂದಿಗೆ ಮಾತು ಕೊಟ್ಟು, ಐವರಿಂದಲೂ ವೋಟು ಪಡೆದು, ಆರನೆಯವನಿಗೆ ಕೊಟ್ಟಿದ್ದ. ಲಕ್ಷ್ಮೀಶರ ಕಟ್ಟಿನಲ್ಲಿದ್ದವನು ದೂರದ ಶಾಲೆಯಲ್ಲಿದ್ದ ಮಗ ವಾರೆನ್‌ಗೆ ವಾರಕ್ಕೆರಡು ಪತ್ರ ಬರೆಯುತ್ತಿದ್ದ ತಂದೆ.

"ಇವತ್ತು ನಿಮ್ಮ ವಕೀಲ ಸ್ಮಶಾನದ ಒಂದು ಮೂಲೆಯನ್ನು ಕುದುರೆ ಲಾಯಕ್ಕೆ ಬರೆದುಕೊಟ್ಟಿದ್ದಾನೆ," ಎನ್ನುತ್ತಿದ್ದೆ ನಾನು.

"ಇವತ್ತು ಅವರು ಮಗನಿಗೆ ಉಣ್ಣೆ ಕಾಲುಚೀಲ ಕಳ್ಸಿದಾರೆ. ಗಂಟಲಿಗೆ ಉಪ್ಪುನೀರು ಮುಕ್ಕಳಿಸು ಅಂತ ಬರ್ದಿದಾರೆ. ಅಂಥೋರು ಸ್ಮಶಾನ ಮಾರ್ತಾರಾ ಮೇಷ್ಟ್ರೇ? ನೀವು ಸರಿಯಾಗಿ ಓದಿಲ್ಲ."

"ಸಹಿ ಇದೆ."

"ಸಹಿ ಯಾರು ಬೇಕಾದ್ರೂ ಮಾಡ್ಬೋದು. ಕಾಲುಚೀಲ ಯಾರು ಕಳಿಸ್ತಾರೆ?"

ಹೀಗಿರುವಾಗ ಲಕ್ಷ್ಮೀಶ ಅವರು ತಮ್ಮ ಕಟ್ಟಿನ ಕೊನೆಯನ್ನು ಮುಟ್ಟಿದರು. ಕೊನೆಯ ಪತ್ರ ವಾರೆನ್‌ಗೆ ಅವನ ಚಿಕ್ಕಪ್ಪ, ಅಂದರೆ ಟಾಲ್ಮನ್‌ನ ತಮ್ಮ, ಬರೆದದ್ದು. ನಿನ್ನ ತಂದೆ ನಿನ್ನೆ ಬೆಳಿಗ್ಗೆ ಎದೆನೋವಿನಿಂದ ತೀರಿಕೊಂಡರು ಎಂದು. ಲಕ್ಷ್ಮೀಶ ಅವರು ಅದನ್ನು ಪೂರ್ತಿ ಟೈಪ್ ಮಾಡಿ, ಎದ್ದು, ಉಟ್ಟ ಬಟ್ಟೆಯಲ್ಲೇ ಷವರ್ ಕೆಳಗೆ ನಿಂತರು.

ಸುದ್ದಿ ಕೇಳಿದ ನನಗೆ ಮೊದಲು ನೆನಪಾದದ್ದು ವಿಮಾನದ ಟಿಕೆಟ್ಟು. ನಿಶ್ಚಿತಾರ್ಥ ಭಾನುವಾರ, ನಮ್ಮ ವೀಸಾ ಮುಗಿಯುವುದು ಬುಧವಾರ. ಅದನ್ನು ಇಲ್ಲಿ ಇದ್ದುಕೊಂಡು ವಿಸ್ತರಿಸಲು ಬರುವುದಿಲ್ಲ ಎಂದು ವೀಸಾದಲ್ಲಿಯೇ ಬರೆದಿದೆ. ಜಯಲಕ್ಷ್ಮಿಯ ಮಂಡಿಗಳನ್ನು ನೋಡಿದ ಡಾಕ್ಟರು, ಇದೇ ಕೊನೆಯ ದೊಡ್ಡ ಪ್ರಯಾಣ ಎಂದು ಹೊರಡುವ ಮೊದಲೇ ಹೇಳಿದ್ದರು. ಭಾನುವಾರ ಕಾರ್ಯ ನಡೆಯದಿದ್ದರೆ ಅವಳು ಮೊಮ್ಮಗಳಿಗೆ ಯಾವತ್ತೂ ಆರತಿ ಎತ್ತುವಂತಿರಲಿಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಪೆಟ್ಟಿಗೆಯಿಂದ ಹೊರತೆಗೆದಿದ್ದ ಮೊಳಕಾಲ್ಮೂರು ಸೀರೆಯನ್ನು ಮತ್ತೆ ಮಡಿಸತೊಡಗಿದಳು.

ನಾನು ತಿರುಗಿ ಫೋನ್ ಮಾಡಿ ತರ್ಕದಿಂದ ತೊಡಗಿದೆ.

"ಲಕ್ಷ್ಮೀಶ ಅವರೇ, ಸಾವಿನ ಸುದ್ದಿ ಒಂದು ವರ್ಷ ಕಳೆದ ಮೇಲೆ ಕಿವಿಗೆ ಬಿದ್ದರೆ ಸ್ನಾನವಷ್ಟೆ. ನೀವು ಸ್ನಾನ ಮಾಡಿದ್ದೀರಿ. ಮುಗಿಯಿತು."

"ಅದು ದಾಯಾದಿಗಳಿಗೆ ಮೇಷ್ಟ್ರೇ. ತಂದೆ ಆದ್ರೆ ಎಷ್ಟು ಕಾಲ ಆದ್ಮೇಲೆ ಕೇಳಿದ್ರೂ, ಕೇಳಿದ ದಿನದಿಂದ ಹತ್ತು ದಿನ."

"ಅವನು ನಿಮ್ಮ ತಂದೆಯಲ್ಲ."

"'ಮೈ ಡಿಯರ್ ಸನ್' ಅಂತ ಮುನ್ನೂರು ಪತ್ರ ಓದಿದೀನಿ. ಆ ಹುಡುಗ ಅರ್ಧದಷ್ಟು ಒಡೆದೇ ನೋಡಿಲ್ಲ ಅಂತ ಸಂಘದವರೇ ಬರ್ದಿದಾರೆ, ಲಕೋಟೆ ಅಂಟು ಹಾಗೇ ಇತ್ತಂತೆ. ಮೊದಲು ಓದ್ದೋನು ನಾನು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೋಟ್ಲು ಇಟ್ಕೊಂಡು, ಮಣ್ಣಿಗೂ ಬರ್ಲಿಲ್ಲ ಅವ್ನು. ಟೆಲಿಗ್ರಾಂ ಕೊಟ್ಟು ಸುಮ್ಮನಾದ. ಯಾರಾದ್ರೂ ಒಬ್ರು ಸೂತಕ ಹಿಡೀಬೇಡ್ವಾ?"

ಎರಡು ಸಾಧ್ಯತೆಗಳನ್ನೂ ಅವರ ಮುಂದಿಟ್ಟೆ. ನೀವು ಟಾಲ್ಮನ್‌ನ ಮಗನಲ್ಲವಾದರೆ ಸ್ನಾನದಲ್ಲಿ ಎಲ್ಲವೂ ಮುಗಿದಿದೆ. ಮಗನೇ ಹೌದಾದರೆ ನೀವು ಆ ವಂಶಕ್ಕೆ ದತ್ತು ಹೋದಂತಾಯಿತು. ಹೋಗುವ ಮೊದಲೇ ಹುಟ್ಟಿದ ನಿಮ್ಮ ಮಗನೂ ಮೊಮ್ಮಗನೂ ಹಳೆಯ ಗೋತ್ರದಲ್ಲೇ ಉಳಿಯುತ್ತಾರೆ, ಅವರಿಗೆ ಸೂತಕವಿಲ್ಲ. ನೀವಂತೂ ಕ್ರೈಸ್ತರಾದಿರಿ, ನಿಮಗೂ ಇಲ್ಲ. ಎರಡು ದಾರಿಯಲ್ಲೂ ಉತ್ತರ ಸೊನ್ನೆ.

"ಲೆಕ್ಕ ಸರಿ ಇದೆ," ಎಂದರು ಲಕ್ಷ್ಮೀಶ. "ಆದ್ರೆ ಅಳು ಬರುತ್ತೆ. ಏನ್ ಮಾಡ್ಲಿ?" ಫೋನ್ ಇಟ್ಟರು.

ಜಯಲಕ್ಷ್ಮಿ ಸೀರೆ ಮಡಿಸುವುದನ್ನು ನಿಲ್ಲಿಸಿದ್ದಳು. "ಸತ್ತ ಮನೆಗೆ ಫೋನ್ ಮಾಡಿ ಲೆಕ್ಕ ಹೇಳ್ತಾರೇನ್ರೀ ಯಾರಾದ್ರೂ? ಹೋಗಿ ಮಾತಾಡಿಸ್ಕೊಂಡು ಬರ್ತಾರೆ."

"ಅವನು ಸತ್ತು ನೂರ ಮೂವತ್ತೆರಡು ವರ್ಷವಾಯಿತು."

"ಅವರಿಗೆ ಮೊನ್ನೆ ತಾನೇ ಗೊತ್ತಾಗಿದೆ."

ನಿಕಿತಾಳಿಗೆ ಹೇಳಿ ಸಿಡ್ನಿಗೆ ಎರಡು ಟಿಕೆಟ್ ತೆಗೆಸಿದೆ.

ಮರುದಿನ ನಮ್ಮನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದವರು ಪಕ್ಕದ ಮನೆಯ ಬೊನವೆಂಚರ್. ಮಂಗಳೂರಿನ ಕ್ಯಾಥೊಲಿಕ್ಕರು, ವಯಸ್ಸಾದವರ ಆರೈಕೆಯ ಕೇಂದ್ರವೊಂದರಲ್ಲಿ ಕೆಲಸ. ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡರು.

"ಎಂತ ಅಂಕಲ್, ನಮ್ಮಲ್ಲಿ ಸೂತಕ ಎಲ್ಲ ಇಲ್ಲ. ಏಳನೇ ದಿನಕ್ಕೆ ಇಗರ್ಜಿಯಲ್ಲಿ ಒಂದು ಪೂಜೆ ಕೊಡಿಸಿದ್ರೆ ಆಯ್ತು. ನಾನೇ ಫಾದರ್ ಹತ್ರ ಹೇಳ್ತೇನೆ. ಅವರು ಕ್ಯಾಥೊಲಿಕ್ಕಾ?"

"ಪ್ರೆಸ್ಬಿಟೇರಿಯನ್."

"ಅಯ್ಯೋ. ಹಾಗಾದ್ರೆ ನನಗೆ ಅವರ ಕ್ರಮ ಗೊತ್ತಿಲ್ಲ ಮಾರಾಯ್ರೆ." ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಒಳ್ಳೆ ಜನವಾ?"

"ಅಲ್ಲ."

"ಹೌದಾ? ಪಾಪ."

ದಿ ಪಾಂಡ್ಸ್‌ನ ಮನೆಯ ಮುಂದೆ ಚಪ್ಪಲಿಗಳು ಬಿದ್ದಿದ್ದವು. ಒಳಗೆ ಟಿವಿಯ ಕೆಳಗಿನ ಮೇಜಿನ ಮೇಲೆ ಪ್ರಿಂಟ್ ಮಾಡಿದ ಗಡ್ಡದ ಮುಖವೊಂದಿತ್ತು. ಅದರ ಮುಂದೆ ದೀಪ ಉರಿಯುತ್ತಿತ್ತು. ಅಡುಗೆಯ ಒಲೆ ಹಚ್ಚಬಾರದೆಂದು ಎದುರು ಮನೆಯ ತೆಲುಗರು ದೊಡ್ಡ ಡಬ್ಬಿಯಲ್ಲಿ ಮೊಸರನ್ನ ತಂದುಕೊಟ್ಟಿದ್ದರು. ಲಕ್ಷ್ಮೀಶ ಅವರು ಕ್ಷೌರವಿಲ್ಲದೆ, ಒಂದು ಪಂಚೆಯಲ್ಲಿ, ಚಾಪೆಯ ಮೇಲೆ ಕುಳಿತಿದ್ದರು. ಪಕ್ಕದ ಬೀದಿಯ ಒಬ್ಬ ಹಿರಿಯರು ಅವರನ್ನು ಮಾತನಾಡಿಸುತ್ತಿದ್ದರು.

"ಎಷ್ಟ್ ವಯಸ್ಸಾಗಿತ್ತು ಸಾರ್?"

"ಅರವತ್ತೆಂಟು."

"ಹೋಗೋ ವಯಸ್ಸಲ್ಲ. ಶುಗರ್ ಇತ್ತಾ?"

"ಎದೆನೋವು."

"ಅಮೆರಿಕದಲ್ಲೇ ಇದ್ರಾ ಕೊನೇವರ್ಗೂ?"

"ಅಲ್ಲೇ."

"ಮಕ್ಳು?"

"ಒಬ್ಬ ಮಗ. ಬರ್ಲಿಲ್ಲ."

"ವೀಸಾ ಪ್ರಾಬ್ಲಮ್ ಇರುತ್ತೆ ಬಿಡಿ," ಎಂದು ಆ ಹಿರಿಯರು ತಲೆಯಾಡಿಸಿದರು.

ಹೃಷಿಕೇಶ ನನ್ನನ್ನು ಅಡುಗೆಮನೆಯ ಕಡೆಗೆ ಕರೆದ. ಅವನು ಅಕೌಂಟೆಂಟ್, ಸಮಾಧಾನದ ಹುಡುಗ. ಅಂದು ಸಮಾಧಾನವಿರಲಿಲ್ಲ. "ತಾತ, ಪ್ಲೀಸ್. ಆಫೀಸಲ್ಲಿ ಎಲ್ರೂ ಗ್ರ್ಯಾಂಡ್‌ಫಾದರ್ ಹೋದ್ರಂತೆ ಅಂತ ಕಾರ್ಡ್ ಕೊಟ್ಟಿದಾರೆ. ಯಾರ್ ಹೋಗಿದ್ದು ಅಂತ ಹೇಗ್ ಹೇಳ್ಲಿ? ನಿಕಿತಾ ನನ್ ಫೋನೇ ಎತ್ತುತಿಲ್ಲ. ನೀವು ಹೇಳಿದ್ರೆ ಕೇಳ್ತಾರೆ."

ನಾನು ಹೋಗಿ ಚಾಪೆಯ ಎದುರಿನ ಕುರ್ಚಿಯಲ್ಲಿ ಕುಳಿತೆ. ಜಯಲಕ್ಷ್ಮಿ ಮಂಡಿಯ ನೋವನ್ನು ಲೆಕ್ಕಿಸದೆ ನೆಲದ ಮೇಲೆಯೇ ಕುಳಿತಳು. ಇಂಥ ಸಂದರ್ಭದಲ್ಲಿ ಹೋದವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಕೊಳವೆಯ ಗುತ್ತಿಗೆ, ಸ್ಮಶಾನ, ದೀಪದ ಹುದ್ದೆ ಎಂದು ಒಂದೊಂದನ್ನೇ ಮನಸ್ಸಿನಲ್ಲಿ ತಿರುವಿ ಹಾಕಿದೆ. ಹೇಳುವಂಥದ್ದೇನೂ ಸಿಗಲಿಲ್ಲ. ಜಯಲಕ್ಷ್ಮಿ ಕೆಮ್ಮಿದಳು.

"ಅವರ ಕೂಡುವ ಲೆಕ್ಕ ಎಲ್ಲಿಯೂ ತಪ್ಪಿಲ್ಲ," ಎಂದೆ. "ಇಷ್ಟು ವರ್ಷದ ಕಾಗದಗಳನ್ನು ನೋಡಿದ್ದೇನೆ. ಯಾರಿಂದ ಏನನ್ನು ತಿಂದಿದ್ದರೂ ಮೊತ್ತ ಸರಿಯಾಗಿದೆ. ಮುಂದಿನ ಸಾಲಿಗೆ ಒಯ್ಯುವ ದಶಕವನ್ನು ಕೂಡ ಮರೆತಿಲ್ಲ."

ಲಕ್ಷ್ಮೀಶ ಅವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. "ಅವರು ಅಂದ್ರಿ," ಎಂದರು. "ಇಷ್ಟು ದಿನದಲ್ಲಿ ಮೊದಲನೇ ಸಲ ಅವರು ಅಂದ್ರಿ."

ಅಂದದ್ದು ನಿಜ. ಬಾಯಿ ತಪ್ಪಿ ಬಂದಿತ್ತು, ಹಿಂತೆಗೆದುಕೊಳ್ಳುವುದು ಸರಿಯಲ್ಲವೆನಿಸಿತು.

ಕಣ್ಣೊರೆಸಿಕೊಂಡ ಲಕ್ಷ್ಮೀಶ ಅವರು ಸ್ವಲ್ಪ ಮುಂದೆ ಸರಿದು, ಪಕ್ಕದ ಬೀದಿಯ ಹಿರಿಯರಿಗೆ ಕೇಳಿಸದಂತೆ, "ನಿಮ್ಮ ಕಟ್ಟಲ್ಲಿ ಅವರು ಇನ್ನೂ ಇದಾರಾ?" ಎಂದರು.

"ಇದ್ದಾರೆ. ನಾನು 1876ರಲ್ಲಿದ್ದೇನೆ. ನೀರಿನ ಕಮಿಷನರ್ ಸ್ಥಾನಕ್ಕೆ ನಿಂತಿದ್ದಾರೆ."

"ಆರೋಗ್ಯ?"

"ಮೂರು ಸಭೆಗಳಲ್ಲಿ ಭಾಷಣ ಮಾಡಿದ್ದಾರೆ. ಒಂದರಲ್ಲಿ ಎದುರಾಳಿಯ ಟೋಪಿ ಕಿತ್ತೆಸೆದಿದ್ದಾರೆ."

"ಊಟ ತಿಂಡಿ?"

"ಚಿಪ್ಪುಮೀನು ತಿಂದ ಹೋಟೆಲಿನ ಲೆಕ್ಕ ಎರಡು ಪುಟ ಇದೆ."

ಲಕ್ಷ್ಮೀಶ ಅವರು ಚಾಪೆಯಿಂದ ಎದ್ದು ನಿಂತರು. "ಆ ಕಟ್ಟು ನನಗೆ ಕೊಡಿ," ಎಂದರು.

ಕೈಗೆತ್ತಿಕೊಂಡ ಲೆಕ್ಕವನ್ನು ಅರ್ಧದಲ್ಲಿ ಬೇರೆಯವರಿಗೆ ಕೊಟ್ಟವನಲ್ಲ ನಾನು. ಮತದಾನದ ಹಿಂದಿನ ದಿನದವರೆಗೆ ಓದಿದ್ದೆ. ದೀಪದ ಹುದ್ದೆ ಸಿಗದ ಐವರೂ ಒಟ್ಟಾಗಿ ಟಾಲ್ಮನ್‌ಗೆ ವಿರುದ್ಧವಾಗಿ ನಿಂತಿದ್ದರು. ಆ ವಾರ್ಡಿನಲ್ಲಿ ವೋಟು ಹೇಗೆ ಹಂಚಿಹೋಗಬಹುದೆಂದು ಮೂರು ರೀತಿಯಲ್ಲಿ ಅಂದಾಜು ಹಾಕಿಟ್ಟಿದ್ದೆ. ಯಾವುದು ಸರಿಯೆಂದು ತಿಳಿಯುವುದಕ್ಕಿದ್ದುದು ಇನ್ನೊಂದು ಪುಟ. ಇವರ ಕೈಗೆ ಹೋದರೆ ಕಾಲುಚೀಲದ ಸಾಕ್ಷಿಯಿಂದ ಅವನನ್ನು ಅವಿರೋಧವಾಗಿ ಆರಿಸಿಬಿಡುತ್ತಾರೆ ಎಂಬ ಭಯ ನನಗಿತ್ತು.

"ಕೊಟ್ಟರೆ?" ಎಂದೆ.

"ಅವರು ಇರೋವಾಗ ಸೂತಕ ಎಲ್ಲಿಂದ ಬರುತ್ತೆ ಮೇಷ್ಟ್ರೇ?"

ಆ ವಾದದಲ್ಲಿನ ದೋಷ ನನಗೆ ಕೂಡಲೇ ಕಂಡಿತು. ನೆಲದ ಮೇಲಿದ್ದ ಜಯಲಕ್ಷ್ಮಿಯನ್ನು ನೋಡಿದೆ. ಎದ್ದೇಳಲು ಒಂದು ಕೈಯನ್ನು ಮೇಜಿಗೆ ಊರಿದ್ದಳು; ಎದ್ದೇಳಲು ಆಗುತ್ತಿರಲಿಲ್ಲ. ನನ್ನ ಕಡೆ ನೋಡುತ್ತಿರಲಿಲ್ಲ.

"ಆಯಿತು," ಎಂದೆ.

"ತಾಂಬೂಲದ ತಟ್ಟೇಲಿ ಕೊಡ್ಬೇಕು. ಶಾಸ್ತ್ರವಾಗಿ. ನನ್ನ ಕಟ್ಟು ನಿಮಗೆ, ನಿಮ್ಮ ಕಟ್ಟು ನನಗೆ."

ಹೃಷಿಕೇಶ ಮೇಜಿನ ಮೇಲಿನ ದೀಪವನ್ನು ದೇವರ ಕೋಣೆಗೆ ಒಯ್ದ. ಪಕ್ಕದ ಬೀದಿಯ ಹಿರಿಯರು ಏನಾಯಿತೆಂದು ಕೇಳಿದರು. ಹುಷಾರಾಗಿದ್ದಾರಂತೆ, ಎಂದ ಹೃಷಿಕೇಶ. ಹಾಗೆಲ್ಲ ಆಗುವುದುಂಟು, ಅಲ್ಲಿನ ಆಸ್ಪತ್ರೆಗಳು ಬಹಳ ಚೆನ್ನಾಗಿವೆ, ಎಂದು ಅವರು ಚಪ್ಪಲಿ ಮೆಟ್ಟಿ ಹೊರಟರು. ನಾವು ಹೊರಡುವಾಗ ಜಯಲಕ್ಷ್ಮಿ ಸಾವಿನ ಮನೆಯಿಂದ ಹೊರಡುವವರಂತೆ ಮಾತಿಲ್ಲದೆ ಹೊಸಿಲು ದಾಟಿದಳು. ಲಕ್ಷ್ಮೀಶ ಅವರು ಹಿಂದಿನಿಂದ ಕೂಗಿದರು: "ಹೋಗ್ಬರ್ತೀನಿ ಅನ್ನಿ ತಾಯಿ. ಈಗ ಅನ್ನಬಹುದು."

ಪತ್ರಗಳನ್ನು ಅದಲು ಬದಲು ಮಾಡುವ ಕೆಲಸವನ್ನು ನಿಕಿತಾ ಕಂಪ್ಯೂಟರಿನಲ್ಲಿ ಎರಡು ನಿಮಿಷದಲ್ಲಿ ಮುಗಿಸಿದಳು. ಮುಗಿಸಿ ಹೃಷಿಕೇಶನಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಬೈದಳು. ಆದರೂ ಭಾನುವಾರ ಕ್ಲೈಡ್ ನಾರ್ತ್‌ನ ಮನೆಯಲ್ಲಿ ಎರಡು ಬೆಳ್ಳಿ ತಟ್ಟೆಗಳಲ್ಲಿ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಗಳ ಜೊತೆಗೆ ಒಂದೊಂದು ಪತ್ರದ ಪ್ರಿಂಟು ಇತ್ತು. ಪುರೋಹಿತರು ಕಾಗದವನ್ನು ಲಗ್ನಪತ್ರಿಕೆ ಎಂದು ತಿಳಿದು ಓದಲು ತೆಗೆದುಕೊಂಡು, ಒಂದು ಸಾಲು ನೋಡಿ, ಮೆಲ್ಲಗೆ ಮತ್ತೆ ತಟ್ಟೆಯಲ್ಲಿಟ್ಟರು. ತಟ್ಟೆಗಳು ಬದಲಾದವು. ಆಮೇಲೆ ಅವರು ವಾಡಿಕೆಯಂತೆ ವರನ ಕಡೆಗೆ ತಿರುಗಿ ಕೇಳಿದರು:

"ತಮ್ಮ ಕಡೆ ಹಿರಿಯರೆಲ್ಲ ಕ್ಷೇಮ ತಾನೆ?"

ಲಕ್ಷ್ಮೀಶ ಅವರು ರೇಷ್ಮೆ ಶಲ್ಯವನ್ನು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: "ಎಲ್ರೂ ಕ್ಷೇಮ. ನಮ್ಮ ತಂದೆಯವರು ಎಲೆಕ್ಷನ್‌ಗೆ ನಿಂತಿದಾರೆ."

ಹಿಂದಿನ ಸಾಲಿನಿಂದ ಬೊನವೆಂಚರ್ ಕತ್ತು ಚಾಚಿ, "ಗೆಲ್ತಾರಾ ಅಂಕಲ್?" ಎಂದು ನನ್ನನ್ನು ಕೇಳಿದರು.

ನನಗೆ ಗೊತ್ತಿರಲಿಲ್ಲ. ಉತ್ತರ ಆ ಕಡೆಯ ತಟ್ಟೆಗೆ ಹೋಗಿಯಾಗಿತ್ತು.

"ರಾಹುಕಾಲ ಬರುತ್ತೆ, ನಡೀಲಿ," ಎಂದಳು ಜಯಲಕ್ಷ್ಮಿ. ಮಗಳ ಭುಜ ಹಿಡಿದು ಎದ್ದು ನಿಂತು, ನಿಕಿತಾಳ ಹಣೆಗೆ ಕುಂಕುಮವಿಟ್ಟು, ಆರತಿಯ ತಟ್ಟೆಗೆ ಕೈಚಾಚಿದಳು.